ವೀಣೆ ವೀಣೆಯಾಗಿಯೇ ಕೇಳಿಸುವ ಎವಿ ರಿಸೀವರ್ ಬೇಕು, ಒಂದು ಲಕ್ಷದ ಆಸುಪಾಸಿನಲ್ಲಿ

ಪ್ರಶ್ನೆ: ಮಂದ್ರಷಡ್ಜ, ಮೈಸೂರು

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿ 27 ವರ್ಷದಿಂದ ವೀಣೆ ಪಾಠ ಹೇಳಿಕೊಡುತ್ತಿದ್ದೇನೆ. ಯಂತ್ರಗಳ ವಿಷಯದಲ್ಲಿ ನನಗೆ ತಿಳಿದಿರುವುದು ಕಡಿಮೆ, ಕಿವಿಯ ಮೇಲೆ ಮಾತ್ರ ನಂಬಿಕೆ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೇ ತಿಂಗಳ ಗುಡುಗುಮಳೆಯಲ್ಲಿ ನಮ್ಮ ಹಳೇ ರಿಸೀವರ್ (ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳ ಸದ್ದನ್ನು ದೊಡ್ಡದು ಮಾಡಿ ಸ್ಪೀಕರ್‌ಗಳಿಗೆ ಹಂಚುವ ಯಂತ್ರ) ಹೋಯಿತು. ಪ್ಲಗ್ ಕಿತ್ತಿಟ್ಟಿದ್ದೆವು. ಆದರೂ ಮಾರನೇ ದಿನ ಎಚ್‌ಡಿಎಂಐನಿಂದ ಚಿತ್ರವೂ ಇಲ್ಲ, ಸದ್ದೂ ಇಲ್ಲ. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ಹಾಗಾಗಿ ಹೊಸದು ಕೊಳ್ಳುವುದು ಅಂತ ತೀರ್ಮಾನ ಆಗಿದೆ. ಒಂದು ಲಕ್ಷದ ಆಸುಪಾಸು, ಸ್ವಲ್ಪ ಮೇಲೆ ಹೋದರೂ ಪರವಾಗಿಲ್ಲ. ನಮ್ಮ ಮನೆಯವರಿಗೆ ಸಿನಿಮಾ ಮುಖ್ಯ, ನನಗೆ ಸಂಗೀತ.

ನಿಜ ಹೇಳಬೇಕೆಂದರೆ ಹಳೆಯದರ ಜೊತೆ ನನಗೆ ಒಂದು ದಿನವೂ ಸಮಾಧಾನ ಇರಲಿಲ್ಲ. ಸಿನಿಮಾದಲ್ಲಿ ಬಾಂಬು, ಮಳೆ, ಕುದುರೆ ಎಲ್ಲ ಚೆನ್ನಾಗಿ ಕೇಳುತ್ತಿತ್ತು. ಕಚೇರಿ ಹಾಕಿದರೆ ಮಾತ್ರ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಎಲ್ಲಿ ತಪ್ಪಿದೆ ಅಂತ ಗೊತ್ತುಮಾಡಿಕೊಳ್ಳಲು ನಾನೇ ಒಂದು ಪರೀಕ್ಷೆ ಮಾಡಿದೆ. ಅದೇ ಹಾಲ್‌ನಲ್ಲಿ ಕೂತು ನನ್ನ ವೀಣೆಯನ್ನು ಪುಟ್ಟ ರೆಕಾರ್ಡರ್‌ನಲ್ಲಿ ಧ್ವನಿಮುದ್ರಿಸಿಕೊಂಡು, ಅದನ್ನೇ ಸ್ಪೀಕರ್‌ನಲ್ಲಿ ಹಾಕಿ, ವೀಣೆ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ತಂತಿ ಮೀಟಿ ಹೋಲಿಸಿದೆ.

ವೀಣೆ ಪರಿಚಯ ಇಲ್ಲದವರಿಗೆ ಹೇಳುತ್ತೇನೆ: ನುಡಿಸುವ ತಂತಿ ನಾಲ್ಕು. ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಪಕ್ಕದಲ್ಲಿ ತಾಳದ ತಂತಿ ಮೂರು. ನನ್ನ ಶ್ರುತಿ ಮೂರು ಮನೆ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರು.

ಕೇಳಿಸಿದ್ದು ಇಷ್ಟು. ಮಂದ್ರ ತಂತಿಯ ಷಡ್ಜ ಬೇಕಾದ್ದಕ್ಕಿಂತ ಊದಿಕೊಳ್ಳುತ್ತದೆ. ಅದರ ಪಕ್ಕದ ರಿಷಭ ಹಾಗಿಲ್ಲ, ಗಾಂಧಾರವೂ ಹಾಗಿಲ್ಲ, ಷಡ್ಜ ಒಂದೇ. ಅನುಮಂದ್ರ ಮೀಟಿದರೆ ನಾದ ಟಿವಿ ಕಡೆಯಿಂದ ಬರುವುದಿಲ್ಲ, ಸಬ್‌ವೂಫರ್ (ತಗ್ಗಿನ ನಾದಕ್ಕೆಂದೇ ಇರುವ ದೊಡ್ಡ ಸ್ಪೀಕರ್) ಇಟ್ಟಿರುವ ಬಲಮೂಲೆಯಿಂದ ಬರುತ್ತದೆ. ವೀಣೆಯ ಒಂದು ತಂತಿ ಎದ್ದು ಹೋಗಿ ಮೂಲೆಯಲ್ಲಿ ಕೂತ ಹಾಗೆ. ಇನ್ನೊಂದು, ಉಗುರು ತಂತಿಗೆ ತಾಗುವ ಸದ್ದು. ನಿಜವಾದ ವೀಣೆಯಲ್ಲಿ ಅದು ಇದ್ದೂ ಇಲ್ಲದ ಹಾಗೆ ಇರುತ್ತದೆ, ಹಿಂದೆಯೇ ಹಲಸಿನ ಕೊಡದ ನಾದ ಏಳುತ್ತದೆ. ಸ್ಪೀಕರ್‌ನಲ್ಲಿ ತಗಡಿನ ಮೇಲೆ ಗೀಚಿದ ಹಾಗೆ ಮೊದಲು ಅದೇ ಕಿವಿಗೆ ಹೊಡೆಯುತ್ತದೆ. ಕೊನೆಯದು, ಹಾಡುವವರ ಗಂಟಲು ಪೆಟ್ಟಿಗೆಯೊಳಗಿಂದ ಬಂದ ಹಾಗೆ.

ಹಾಲ್ 18 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರ. ಮೊಸಾಯಿಕ್ ನೆಲ. ಸೋಫಾ ಹಿಂದಿನ ಗೋಡೆಗೆ ತಾಗಿಕೊಂಡಿದೆ. ಎರಡು ಬುಕ್‌ಶೆಲ್ಫ್ ಸ್ಪೀಕರ್ (ಆರೂವರೆ ಇಂಚಿನ ವೂಫರ್, 87 ಡಿಬಿ, 6 ಓಮ್) ಟಿವಿ ಷೋಕೇಸ್‌ನ ಖಾನೆಗಳಲ್ಲಿವೆ. ಸೆಂಟರ್ ಟಿವಿ ಕೆಳಗೆ. ಹಿಂದಿನ ಎರಡಕ್ಕೆ ಇನ್ನೂ ತಂತಿ ಎಳೆಸಿಲ್ಲ. ಹಾಲ್‌ಗೆ ತಕ್ಕಂತೆ ಯಂತ್ರ ತಾನೇ ಸದ್ದು ತಿದ್ದಿಕೊಳ್ಳಲಿ ಅಂತ, ಹಳೇ ರಿಸೀವರ್ ಜೊತೆ ಬಂದಿದ್ದ ಮೈಕ್ ಅನ್ನು ಸೋಫಾ ಒರಗುವ ಜಾಗದ ಮೇಲಿಟ್ಟು ಅಳತೆ ಮಾಡಿಸಿದ್ದೆ.

ಅಂಗಡಿಯಲ್ಲಿ ಮೂರು ಹೆಸರು ಹೇಳಿದ್ದಾರೆ: ಯಮಹಾ ಆರ್‌ಎಕ್ಸ್-ವಿ6ಎ, ಡೆನಾನ್ ಎವಿಆರ್-ಎಕ್ಸ್2800ಎಚ್, ಮರಾಂಟ್ಜ್ ಸಿನಿಮಾ 70ಎಸ್. ಯಮಹಾ ಚುರುಕು, ಮರಾಂಟ್ಜ್ ಮೃದು, ಡೆನಾನ್ ನಡುವೆ ಅಂತ ವಿವರಣೆ ಸಿಕ್ಕಿತು. ನನಗೆ ಚುರುಕೂ ಬೇಡ, ಮೃದುವೂ ಬೇಡ. ವೀಣೆ ವೀಣೆಯ ಹಾಗೆ ಕೇಳಬೇಕು. ಯಾವುದನ್ನು ತೆಗೆದುಕೊಳ್ಳಲಿ?


ಉತ್ತರ: ಫ್ಯೂಸ್‌ವೈರ್, ಬೆಂಗಳೂರು

ಮೇಡಂ, ಎಸ್‌ಪಿ ರೋಡ್ ಹತ್ತಿರ ಆಂಪ್ಲಿಫೈಯರ್ ರಿಪೇರಿ ಕೆಲಸ ಮಾಡ್ತೀನಿ. ಧ್ವನಿ ವಿಷಯ ಬೇರೆಯವರು ಹೇಳಲಿ. ಹೊಸದು ಹತ್ತು ವರ್ಷ ಬಾಳಬೇಕಾದರೆ ಏನು ಮಾಡಬೇಕು ಅನ್ನೋದನ್ನ ನಾನು ಹೇಳ್ತೀನಿ.

ಪ್ಲಗ್ ಕಿತ್ತಿದ್ರಿ ಸರಿ, ಡಿಶ್ ಕೇಬಲ್ ಕಿತ್ತಿದ್ರಾ? ಮಳೆಗಾಲದಲ್ಲಿ ನನ್ನ ಟೇಬಲ್ಲಿಗೆ ಬರೋ ಎಚ್‌ಡಿಎಂಐ ಕೇಸುಗಳಲ್ಲಿ ನಾನು ಕೇಳೋ ಮೊದಲನೇ ಪ್ರಶ್ನೆ ಅದೇ. ಸಿಡಿಲು ಹತ್ತಿರ ಎಲ್ಲೋ ಬಿದ್ದರೆ ಸಾಕು, ಚಾವಣಿ ಮೇಲಿನ ಛತ್ರಿಯಿಂದ ಇಳಿದ ಕೇಬಲ್‌ನಲ್ಲಿ ಸರ್ಜ್ (ಒಮ್ಮೆಲೇ ಏರೋ ವೋಲ್ಟೇಜ್) ಬರುತ್ತೆ, ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ತಂತಿ ಹಿಡಿದು ರಿಸೀವರ್ ಒಳಗೆ ಹೋಗುತ್ತೆ. ಕರೆಂಟ್ ಪ್ಲಗ್ ಗೋಡೆಯಲ್ಲಿ ಇತ್ತಾ ಇಲ್ವಾ ಅನ್ನೋದು ಅದಕ್ಕೆ ಲೆಕ್ಕ ಇಲ್ಲ. ಗುಡುಗು ಶುರುವಾದಾಗ ಡಿಶ್ ಕೇಬಲ್ ಮೊದಲು ತಿರುಪಿ ತೆಗೀರಿ. ಬ್ರಾಡ್‌ಬ್ಯಾಂಡ್ ತಾಮ್ರದ ತಂತಿಯಲ್ಲಿ ಬರೋದಾದರೆ ಅದನ್ನೂ ತೆಗೀರಿ.

ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್‌ನ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ಮಧ್ಯೆ ಎಷ್ಟು ವೋಲ್ಟೇಜ್ ಇದೆ ನೋಡಿಸಿ. ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತು ಹದಿನೈದು ಇದ್ದರೆ ಮೊದಲು ಅರ್ಥಿಂಗ್ ಸರಿ ಮಾಡಿಸಿ, ಆಮೇಲೆ ಯಂತ್ರ ತನ್ನಿ.

ಷೋಕೇಸ್ ಒಳಗೆ ಬಾಗಿಲು ಹಾಕಿ ಇಡಬೇಡಿ. ಮೇಲೆ ಅರ್ಧ ಅಡಿಯಾದರೂ ಗಾಳಿ ಬೇಕು. ಹೊರದೇಶದಿಂದ ಯಾರೋ ತಂದ ಪೀಸ್ ಅಗ್ಗಕ್ಕೆ ಸಿಗುತ್ತೆ ಅಂದರೆ ಬೇಡ ಅನ್ನಿ. ಅಮೆರಿಕದ್ದಾದರೆ 120 ವೋಲ್ಟಿನದು, ನಮ್ಮ 230ಕ್ಕೆ ನೇರ ಹಾಕಿದರೆ ಮುಗೀತು, ವಾರಂಟಿಯೂ ಇಲ್ಲ. ಅಂಗಡಿಯಲ್ಲಿ ಒಂದು ಮಾತು ಬಿಲ್ ಬರೆಸೋ ಮೊದಲೇ ಕೇಳಿ: ಕೆಟ್ಟರೆ ಮೈಸೂರಲ್ಲೇ ನೋಡ್ತೀರಾ, ಬೆಂಗಳೂರಿಗೆ ಕಳಿಸಬೇಕಾ, ಕಳಿಸೋ ಖರ್ಚು ಯಾರದು?


ಉತ್ತರ: ಅಳತೆಪಟ್ಟಿ, ಶಿವಮೊಗ್ಗ

ಮೇಡಂ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ಕೇಳಿಸಿಕೊಂಡದ್ದನ್ನು ಲೆಕ್ಕ ಹಾಕಿ ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ತಾಳೆಯಾಗುತ್ತದೆ.

ಮೂರು ಮನೆ ಶ್ರುತಿ ಅಂದರೆ ನಿಮ್ಮ ಮಂದ್ರ ಷಡ್ಜ ಸುಮಾರು 82 ಹರ್ಟ್ಜ್, ಅನುಮಂದ್ರದ ಪಂಚಮ ಸುಮಾರು 62. ಈಗ ಹಾಲ್ ನೋಡಿ. ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1140 ಅಡಿ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು ನಿಲ್ಲುವ ಕಂಪನಾಂಕಗಳು ಇರುತ್ತವೆ. 18 ಅಡಿಯ ಉದ್ದಕ್ಕೆ ಮೊದಲನೆಯದು 32ರ ಹತ್ತಿರ, ಎರಡನೆಯದು 63. 14 ಅಡಿಯ ಅಗಲಕ್ಕೆ ಮೊದಲನೆಯದು 41, ಎರಡನೆಯದು 81. ಅಂದರೆ ನಿಮ್ಮ ಹಾಲ್ ತನ್ನ ಉದ್ದದಲ್ಲಿ ಅನುಮಂದ್ರಕ್ಕೆ ಶ್ರುತಿಯಾಗಿದೆ, ಅಗಲದಲ್ಲಿ ಮಂದ್ರ ಷಡ್ಜಕ್ಕೆ. ರಿಷಭ ಊದುವುದಿಲ್ಲ, ಷಡ್ಜ ಒಂದೇ ಊದುತ್ತದೆ ಅಂದಿರಲ್ಲ, ಆ ಮಾತು ಓದಿ ನಾನು ಪೆನ್ನು ಹಿಡಿದಿದ್ದು. ರಿಷಭ ಚತುಶ್ರುತಿಯದಾದರೆ ಅದು 92ರ ಹತ್ತಿರ ಇರುತ್ತದೆ, ಅನುರಣನದ ಆಚೆ.

ಸೋಫಾ ಗೋಡೆಗೆ ತಾಗಿದ್ದರೆ ಉದ್ದದ ಅಷ್ಟೂ ಅಲೆಗಳ ಒತ್ತಡ ಅಲ್ಲಿ ಪೂರ್ತಿ ಇರುತ್ತದೆ. 3 ಅಡಿ ಮುಂದೆ ಎಳೆದರೆ 63ರದು ಅರ್ಧಕ್ಕೆ ಇಳಿಯುತ್ತದೆ, ಅಂದರೆ 6 ಡಿಬಿ. ನಾಲ್ಕೂವರೆ ಅಡಿ ಎಳೆದರೆ ಅದು ಸೊನ್ನೆಯಾಗಿ ಅನುಮಂದ್ರ ಬಡಕಲಾದೀತು. ಅಷ್ಟು ಬೇಡ. ಅಗಲದ್ದಕ್ಕೆ ಇನ್ನೊಂದು ಉಪಾಯ: ಎಡಬಲದ ಸ್ಪೀಕರ್‌ಗಳನ್ನು ಪಕ್ಕದ ಗೋಡೆಗಳಿಂದ ಮೂರೂವರೆ ಅಡಿಗೆ ತನ್ನಿ. ಅಗಲದ ಕಾಲುಭಾಗ ಅದು. ಆ ಬಿಂದುವಿನಲ್ಲಿಟ್ಟ ಸ್ಪೀಕರ್ 81ರ ಅಲೆಯನ್ನು ಕೆರಳಿಸುವುದಿಲ್ಲ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಎಲ್ಲ ಅಲೆಗಳನ್ನೂ ಎಬ್ಬಿಸುತ್ತದೆ, ಅದನ್ನೂ ಮೂಲೆಯಿಂದ ಆ ಮೂರೂವರೆ ಅಡಿಗೆ ತನ್ನಿ.

ಅನುಮಂದ್ರ ಮೂಲೆಗೆ ಹೋಗುವುದಕ್ಕೆ ಇನ್ನೊಂದು ಕಾರಣ ಕ್ರಾಸ್‌ಓವರ್, ಅಂದರೆ ಯಾವ ಕಂಪನಾಂಕದ ಕೆಳಗಿನದು ಸಬ್‌ವೂಫರ್‌ಗೆ, ಮೇಲಿನದು ಮುಂದಿನ ಸ್ಪೀಕರ್‌ಗೆ ಅನ್ನುವ ಗಡಿ. ಸಾಮಾನ್ಯವಾಗಿ 80 ಹರ್ಟ್ಜ್‌ನಲ್ಲಿಡುತ್ತಾರೆ. ಸಿನಿಮಾಗೆ ಸರಿ. ನಿಮ್ಮ ತಂತಿಯ ಮೂಲನಾದ 62 ಸಬ್‌ವೂಫರ್‌ಗೆ ಹೋಗುತ್ತದೆ, ಅದೇ ತಂತಿಯ 124, 186 ಎಲ್ಲ ಮುಂದಿನ ಸ್ಪೀಕರ್‌ಗೆ. ಸಬ್ ಸದ್ದು ಹೆಚ್ಚಿದ್ದರೆ, ಅಥವಾ ಹೊತ್ತಿನಲ್ಲಿ ಹಿಂದೆಮುಂದೆ ಆದರೆ ಒಂದೇ ತಂತಿ ಎರಡು ತುಂಡಾಗುತ್ತದೆ. ಆರೂವರೆ ಇಂಚಿನ ವೂಫರ್ ಇದೆಯಲ್ಲ, 60ಕ್ಕೆ ಇಳಿಸಿ ಕೇಳಿ. ಇನ್ನೊಂದು ಮಾತು: ಅಳತೆ ಆದ ಮೇಲೆ ಯಂತ್ರ ಸಬ್‌ವೂಫರ್ ದೂರವನ್ನು ಟೇಪಿನಲ್ಲಿ ಬರುವುದಕ್ಕಿಂತ ನಾಲ್ಕೈದು ಅಡಿ ಹೆಚ್ಚು ತೋರಿಸಬಹುದು. ತಪ್ಪು ಅಂತ ತಿದ್ದಬೇಡಿ. ಸಬ್ ಒಳಗಿನ ಸರ್ಕ್ಯೂಟಿನಲ್ಲಿ ಆಗುವ ತಡವನ್ನೂ ಅದು ಸೇರಿಸಿಕೊಂಡಿರುತ್ತದೆ.

ಉಗುರಿನ ತಗಡು ಸದ್ದು ಬಹುಶಃ ಮೈಕ್ ಮತ್ತು ಆಟೋ ಕರೆಕ್ಷನ್ (ಯಂತ್ರ ತಾನೇ ಮಾಡಿಕೊಳ್ಳುವ ತಿದ್ದುಪಡಿ) ಸೇರಿ ಮಾಡಿದ್ದು. ಸೋಫಾ ಒರಗಿನ ಮೇಲಿಟ್ಟ ಮೈಕ್‌ಗೆ ಸ್ಪೀಕರ್‌ನಿಂದ ನೇರ ಬಂದ ಶಬ್ದದ ಜೊತೆ ಬಟ್ಟೆ, ಗೋಡೆಗೆ ತಾಗಿ ತಿರುಗಿದ ಶಬ್ದವೂ ಸಿಗುತ್ತದೆ. ಎರಡೂ ಸೇರಿದಾಗ ಮೇಲಿನ ಕಂಪನಾಂಕಗಳಲ್ಲಿ ಹಳ್ಳದಿಣ್ಣೆ ಆಗುತ್ತವೆ. ಯಂತ್ರ ಅದನ್ನು ಸ್ಪೀಕರ್‌ನ ದೋಷ ಅಂದುಕೊಂಡು ಹಳ್ಳ ತುಂಬಲು ಹೋಗುತ್ತದೆ. ಜೊತೆಗೆ ಕೇಳುವ ಜಾಗದಲ್ಲಿ ಟ್ರೆಬಲ್ ಮೆಲ್ಲಗೆ ಇಳಿಯುತ್ತಾ ಹೋಗುವುದೇ ಸಹಜ. ಅದನ್ನು ಎಳೆದು ಸಪಾಟು ಮಾಡಿದರೆ ಕಿವಿಗೆ ಚುಚ್ಚುತ್ತದೆ. ಮೈಕ್ ಅನ್ನು ಕ್ಯಾಮೆರಾ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ ಅಳೆಯಿರಿ.

ನಿಮ್ಮ ಪರೀಕ್ಷೆಯಲ್ಲಿ ಒಂದು ತೊಡಕಿದೆ, ಬೇಸರ ಮಾಡಿಕೊಳ್ಳಬೇಡಿ. ಅದೇ ಹಾಲ್‌ನಲ್ಲಿ ಮುದ್ರಿಸಿ ಅದೇ ಹಾಲ್‌ನಲ್ಲಿ ಕೇಳಿದರೆ ಹಾಲ್‌ನ ಸದ್ದು ಎರಡು ಸಲ ಸೇರುತ್ತದೆ. ರೆಕಾರ್ಡರ್ ಅನ್ನು ವೀಣೆಯಿಂದ ಒಂದೂವರೆ ಅಡಿಗೆ ಇಟ್ಟು, ಬಟ್ಟೆ, ಹಾಸಿಗೆ ತುಂಬಿದ ಮಲಗುವ ಕೋಣೆಯಲ್ಲಿ ಇನ್ನೊಮ್ಮೆ ಮುದ್ರಿಸಿ.

ಇನ್ನು ರಿಸೀವರ್. ಯಮಹಾ ವಿ6ಎ ಚಾನೆಲ್ಲಿಗೆ 100 ವ್ಯಾಟ್, ಡೆನಾನ್ 95, ಮರಾಂಟ್ಜ್ 50, ಎಲ್ಲ 8 ಓಮ್‌ಗೆ ಎರಡು ಚಾನೆಲ್ ಓಡಿಸಿದಾಗಿನ ಲೆಕ್ಕ. 100ಕ್ಕೂ 95ಕ್ಕೂ ಕಾಲು ಡಿಬಿಯೂ ವ್ಯತ್ಯಾಸ ಇಲ್ಲ. 50ಕ್ಕೂ 100ಕ್ಕೂ 3 ಡಿಬಿ. ವೀಣೆಗೆ 50 ಧಾರಾಳ. 6 ಓಮ್ ಸ್ಪೀಕರ್, ಅಷ್ಟು ದೊಡ್ಡ ಹಾಲ್, ಸಿನಿಮಾ ಬೇರೆ ಇರುವುದರಿಂದ ನಾನಾದರೆ ದೊಡ್ಡ ಎರಡರಲ್ಲಿ ಒಂದು ನೋಡುತ್ತೇನೆ. ಚುರುಕು, ಮೃದು ಅನ್ನುವುದನ್ನು ನಾನು ನಂಬುವುದಿಲ್ಲ. ಮಿತಿಯೊಳಗೆ ಕೆಲಸ ಮಾಡುವ ಆಂಪ್ಲಿಫೈಯರ್‌ಗಳನ್ನು ಕರೆಕ್ಷನ್ ಆಫ್ ಮಾಡಿ, ಸದ್ದು ಸರಿಸಮ ಮಾಡಿ ಕೇಳಿದರೆ ಗುರುತು ಹಿಡಿಯುವುದು ಬಹಳ ಕಷ್ಟ. ಒಂದೇ ಡಿಬಿ ಜೋರಾಗಿದ್ದದ್ದು ಕಿವಿಗೆ ಚೆನ್ನ ಅನ್ನಿಸಿಬಿಡುತ್ತದೆ.

ವ್ಯತ್ಯಾಸ ಇರುವುದು ಕರೆಕ್ಷನ್ನಿನಲ್ಲಿ. ಡೆನಾನ್, ಮರಾಂಟ್ಜ್ ಎರಡರಲ್ಲೂ ಇರುವುದು ಆಡಿಸಿ (Audyssey) ಅನ್ನುವ ಕರೆಕ್ಷನ್. ಅದರ ಮಾಮೂಲಿ ಗೆರೆಯಲ್ಲಿ 2000 ಹರ್ಟ್ಜ್ ಹತ್ತಿರ ಬೇಕೆಂದೇ ಸಣ್ಣ ತಗ್ಗು ಇಟ್ಟಿರುತ್ತಾರೆ. ಗಾಯಕರ ಗಂಟಲು ಒಂದು ಹೆಜ್ಜೆ ಹಿಂದೆ ಸರಿದ ಹಾಗೆ ಆಗುತ್ತದೆ. ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳುವ ಮಲ್ಟ್‌ಇಕ್ಯು ಎಡಿಟರ್ ಆ್ಯಪ್ ಇದೆ. ಅದರಲ್ಲಿ ಆ ತಗ್ಗು ತೆಗೆಯಬಹುದು. ಅದಕ್ಕಿಂತ ಮುಖ್ಯ, ಕರೆಕ್ಷನ್ ಇಂಥ ಕಂಪನಾಂಕದವರೆಗೆ ಸಾಕು ಅಂತ ಗೆರೆ ಎಳೆಯಬಹುದು. 300ಕ್ಕೆ ನಿಲ್ಲಿಸಿದರೆ ಕೆಳಗಿನ ಊತ ಸರಿಹೋಗುತ್ತದೆ, ಮೇಲೆ ಸ್ಪೀಕರ್ ಹೇಗಿದೆಯೋ ಹಾಗೆ. ಯಮಹಾದ ಕರೆಕ್ಷನ್ ವೈಪಿಎಒದಲ್ಲಿ ಫ್ಲಾಟ್, ಫ್ರಂಟ್, ನ್ಯಾಚುರಲ್ ಅಂತ ಮೂರು ಬಗೆ. ಫ್ಲಾಟ್‌ನಲ್ಲಿ ಟ್ರೆಬಲ್ ಜಾಸ್ತಿ ಅನ್ನಿಸಿದವರಿಗೆ ನ್ಯಾಚುರಲ್.

ಕೊಳ್ಳುವ ಮೊದಲು ಒಂದು ಕೆಲಸ. ಮನೆಯಲ್ಲಿ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಏನಾದರೂ ಇದೆಯಾ? ಇದ್ದರೆ ಈ ಎರಡು ಸ್ಪೀಕರ್ ಮಾತ್ರ ಅದಕ್ಕೆ ಕೊಟ್ಟು ವೀಣೆ ಹಾಕಿ ನೋಡಿ. ಆಗಲೂ ಉಳಿಯುವ ತೊಂದರೆ ಯಾವ ರಿಸೀವರ್ ತಂದರೂ ಉಳಿಯುತ್ತದೆ.


ಉತ್ತರ: ಕೆಲಗೇರಿ, ಧಾರವಾಡ

ನಮಸ್ಕಾರ್ರಿ ಅಕ್ಕಾರ. ನಮ್ಮ ಮನ್ಯಾಗ ಯಮಹಾ ವಿ6ಎ ಐತ್ರಿ, ಎರಡು ವರ್ಷ ಆತು. ನಾನು ಕೇಳೂದು ಖ್ಯಾಲ, ಮುಂಜಾನೆ ಒಂದು ತಾಸು, ರಾತ್ರಿ ಒಂದು ತಾಸು. ಮೊದಲ ಮೂರು ತಿಂಗಳ ನನಗೂ ನಿಮ್ಮ ಹಂಗ ಆಗಿತ್ರಿ. ತಂಬೂರಿ ಮುಂದಿಂದ ಬರೂದು ಬಿಟ್ಟು ನಾಕೂ ಕಡೆ ಹರಡಿ ನಿಂತುಬಿಡ್ತಿತ್ತು, ಹಾಡವರು ಒಬ್ಬರ ನಟ್ಟನಡುವ ಸೆಂಟರ್ ಸ್ಪೀಕರ್‌ನ್ಯಾಗ ಕುಂತಂಗ. ಕಾರಣ ಏನಪಾ ಅಂದ್ರ, ಸ್ಟೀರಿಯೋ ರೆಕಾರ್ಡಿಂಗ್‌ನ ಯಂತ್ರ ತಾನಾಗೇ ಸರೌಂಡ್ ಮಾಡಿ ಬಿಡ್ತಿತ್ತು. ಒಂದೊಂದು ಇನ್‌ಪುಟ್‌ಗೆ ಕಡೀಕ ಹಚ್ಚಿದ ಮೋಡ್ ಅದು ನೆನಪಿಟ್ಟಿರ್ತದ. ಸಿನಿಮಾ ನೋಡಿದವರು ಸರೌಂಡ್ ಹಚ್ಚಿ ಬಿಟ್ರ ಮರುದಿನ ಭೈರವ ರಾಗನೂ ಅದರಾಗ ಬರ್ತದ್ರಿ. ನಿಮ್ಮದರಾಗೂ ಅದನ್ನ ಮೊದಲ ನೋಡ್ರಿ, ಹಾಡಿನ ದನಿ ಪೆಟ್ಟಿಗ್ಯಾಗಿಂದ ಬಂದಂಗ ಅಂದೀರಲ್ಲ, ಅದಕ್ಕ ಹೇಳಿದೆ.

ಈಗ ಸಂಗೀತಕ್ಕ ಪ್ಯೂರ್ ಡೈರೆಕ್ಟ್ ಗುಂಡಿ ಒತ್ತತೀನಿ. ಕರೆಕ್ಷನ್ ಇಲ್ಲ, ಸಬ್ ಇಲ್ಲ, ಎರಡ ಸ್ಪೀಕರ್. ಸಿನಿಮಾಕ್ಕ ವೈಪಿಎಒ ನ್ಯಾಚುರಲ್. ನನಗ ಇಷ್ಟ ಸಾಕಾಗೇದ.

ಮೊಸಾಯಿಕ್ ನೆಲ ಅಂದ್ರಿ. ಸ್ಪೀಕರ್‌ಗೂ ಸೋಫಾಕ್ಕೂ ನಡುವ ದಪ್ಪಂದು ಏನರ ಹಾಸ್ರಿ. ನಾನು ನವಲಗುಂದದ ಜಮಖಾನ, ಅದರ ಕೆಳಗ ಹಳೇ ಹತ್ತಿ ಗಾದಿ ಹಾಕೇನಿ. ಸ್ವರದ ಅಂಚಿನ ಝಣಝಣ ಕಡಿಮಿ ಆತು. ಕೆಳಗಿನ ಗುಂಯ್‌ಗೆ ಜಮಖಾನ ಏನೂ ಮಾಡೂದಿಲ್ಲ, ಅದು ಶಿವಮೊಗ್ಗದವರು ಹೇಳಿದಂಗ ಜಾಗಾದ ಮಾತು. ಮತ್ತ ಷೋಕೇಸ್ ಖಾನ್ಯಾಗಿಂದ ಸ್ಪೀಕರ್ ಹೊರಗ ತಗೀರಿ ಅಕ್ಕಾರ. ಡಬ್ಬಿಯೊಳಗ ಡಬ್ಬಿ ಇಟ್ರ ದನಿ ಡಬ್ಬಿ ದನಿನ ಆಗ್ತದ.


ಮಂದ್ರಷಡ್ಜ, ಮೈಸೂರು

ಮೂವರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಹಾಲ್ ನನ್ನ ಶ್ರುತಿಗೇ ಕೂಡಿಕೊಂಡಿದೆ ಅನ್ನುವುದನ್ನು ಓದಿ ಸುಮಾರು ಹೊತ್ತು ಆ ಹಾಲ್‌ನಲ್ಲೇ ಕೂತಿದ್ದೆ. ವೀಣೆ ತೆಗೆದು ಅರ್ಧ ಮನೆ ಇಳಿಸಿ, ಎರಡೂವರೆಗೆ ಶ್ರುತಿ ಮಾಡಿ ಮಂದ್ರ ಷಡ್ಜ ಮೀಟಿದೆ. ಆ ಊತದಲ್ಲಿ ಬಹಳಷ್ಟು ಕಡಿಮೆಯಾಗಿತ್ತು. ಇಷ್ಟು ವರ್ಷ ಅದೇ ಹಾಲ್‌ನಲ್ಲಿ ಮಕ್ಕಳಿಗೆ ಪಾಠ ಹೇಳಿ, ಮಂದ್ರ ತಂತಿಯನ್ನು ಮೆಲ್ಲಗೆ ಮೀಟಿ ಅಂತ ತಿದ್ದುತ್ತಿದ್ದೆನಲ್ಲ, ಅದರಲ್ಲಿ ಗೋಡೆಯ ಪಾಲೂ ಇತ್ತು.

ಡಿಶ್ ಕೇಬಲ್ ಕಿತ್ತಿರಲಿಲ್ಲ. ಅದನ್ನು ಯಾರೂ ಹೇಳಿರಲಿಲ್ಲ.

ನಮ್ಮ ಮನೆಯವರ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಅಟ್ಟದ ಮೇಲಿತ್ತು. ಧೂಳು ಒರೆಸಿ, ಸ್ಪೀಕರ್ ಖಾನೆಯಲ್ಲೇ ಇದ್ದ ಹಾಗೆ ಜೋಡಿಸಿದೆವು. ವೀಣೆಯನ್ನು ಮಲಗುವ ಕೋಣೆಯಲ್ಲಿ, ಬೀರು ತೆರೆದಿಟ್ಟು ಸೀರೆಗಳ ಎದುರಿಗೆ ಕೂತು ಹೊಸದಾಗಿ ಮುದ್ರಿಸಿದೆ. ಕೇಳಿದರೆ ಉಗುರಿನ ತಗಡು ಸದ್ದು ಇಲ್ಲವೇ ಇಲ್ಲ! ಅನುಮಂದ್ರ ಮುಂದಿನಿಂದಲೇ ಬಂತು, ತುಸು ಸಣಕಲಾಗಿ. ಷಡ್ಜದ ಊತ ಹಾಗೇ ಉಳಿದಿತ್ತು, ಪೆಟ್ಟಿಗೆ ಧ್ವನಿಯೂ ಉಳಿದಿತ್ತು. ಆಗ ನಿಮ್ಮ ಮಾತು ಪೂರ್ತಿ ಅರ್ಥವಾಯಿತು.

ಬಡಗಿಯ ಹತ್ತಿರ 26 ಇಂಚು ಎತ್ತರದ ಎರಡು ಸ್ಟ್ಯಾಂಡ್ ಮಾಡಿಸಿದ್ದೇನೆ. ಸ್ಪೀಕರ್ ಹೊರಗೆ ಬಂದ ಕ್ಷಣವೇ ಗಾಯಕರ ಗಂಟಲು ಬಿಡುಗಡೆಯಾಯಿತು. ಪಕ್ಕದ ಗೋಡೆಯಿಂದ ಮೂರೂವರೆ ಅಡಿ ಅಳೆದು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಕೆಲಸದವಳಿಗೆ ಅದನ್ನು ಒರೆಸಬೇಡ ಅಂತ ಹೇಳಿದ್ದೇನೆ. ಸೋಫಾ 3 ಅಡಿ ಎಳೆದಾಗ ನಮ್ಮ ಮನೆಯವರು ಹಾಲ್ ಚಿಕ್ಕದಾಯಿತು ಅಂದರು. ಒಂದು ರಾಗ ಪೂರ್ತಿ ಕೇಳಿದ ಮೇಲೆ ಹಿಂದಕ್ಕೆ ತಳ್ಳುವ ಮಾತು ಎತ್ತಲಿಲ್ಲ.

ಮುಂದಿನ ವಾರ ಬೆಂಗಳೂರಿಗೆ ಹೋಗಿ ಮೂರನ್ನೂ ಕೇಳಿ ಬರುತ್ತೇನೆ. ಪೆನ್‌ಡ್ರೈವ್‌ನಲ್ಲಿ ನನ್ನ ವೀಣೆ, ಒಂದು ಗಂಡು ಗಂಟಲು, ಒಂದು ಹೆಣ್ಣು ಗಂಟಲು, ಬರೀ ಮೃದಂಗದ ತನಿ.


ಮಂದ್ರಷಡ್ಜ, ಮೈಸೂರು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ನವರಾತ್ರಿ ಕಚೇರಿಗಳು ಮುಗಿಯುವ ತನಕ ಪುರುಸೊತ್ತೇ ಆಗಲಿಲ್ಲ.

ಅಂಗಡಿಯವರು ಸಹನೆಯಿಂದ ಎರಡು ಗಂಟೆ ಕೊಟ್ಟರು. ಮೂರನ್ನೂ ಒಂದೇ ಜೋಡಿ ಸ್ಪೀಕರ್‌ಗೆ ಬದಲಿಸಿ ಬದಲಿಸಿ ಹಾಕಿಸಿದೆ. ಮೊದಲು ಅವರ ಇಷ್ಟದ ಹಾಗೆ ಕೇಳಿದಾಗ ಮೂರೂ ಬೇರೆಬೇರೆ. ಆಮೇಲೆ ಮೂರರಲ್ಲೂ ಕರೆಕ್ಷನ್ ಆಫ್ ಮಾಡಿ, ಸ್ಟೀರಿಯೋ ಮಾತ್ರ ಇಟ್ಟು, ಮೊಬೈಲಿನಲ್ಲಿ ಡಿಬಿ ನೋಡಿಕೊಂಡು ಸದ್ದು ಸಮ ಮಾಡಿಸಿದೆ. ಕಣ್ಣು ಮುಚ್ಚಿ ಕೂತು ಹೇಳಲು ಹೋದರೆ ನನಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಶ್ರುತಿ ಒಂದು ಕೂದಲೆಳೆ ಜಾರಿದರೂ ಹಿಡಿಯುವ ಕಿವಿ ಇದು. ಶಿವಮೊಗ್ಗದವರ ಮಾತು ನಿಜ.

ಹಾಗಾಗಿ ಆಂಪ್ಲಿಫೈಯರ್ ಸ್ವಭಾವ ನೋಡಿ ಆರಿಸುವುದು ಬಿಟ್ಟೆ. ಡೆನಾನ್ ಎಕ್ಸ್2800ಎಚ್ ತಂದೆ, ಆ ಗೆರೆ ಎಳೆಯುವ ಸೌಲಭ್ಯಕ್ಕೋಸ್ಕರ. ಧಾರವಾಡದ ತಮ್ಮ ಹೇಳಿದ ಪ್ಯೂರ್ ಡೈರೆಕ್ಟ್ ಅದರಲ್ಲೂ ಇದೆ. ಆದರೆ ನನ್ನ ಹಾಲ್‌ಗೆ ಕೆಳಗೆ ಸ್ವಲ್ಪ ತಿದ್ದುವುದು ಬೇಕೇ ಬೇಕು, ಹಾಗಾಗಿ ಪೂರ್ತಿ ಆಫ್ ಮಾಡಿ ಕೇಳುವುದು ನನಗೆ ಒಗ್ಗಲಿಲ್ಲ.

ಟ್ರೈಪಾಡ್ ಮೇಲೆ ಮೈಕ್ ಇಟ್ಟು ಎಂಟು ಜಾಗದಲ್ಲಿ ಅಳೆಸಿದೆ. ಫ್ಯಾನ್, ಫ್ರಿಜ್ ಎರಡನ್ನೂ ಆರಿಸಿ, ಬೀದಿಯಲ್ಲಿ ತರಕಾರಿ ಗಾಡಿ ಹೋದಮೇಲೆ. ಆ್ಯಪ್‌ನಲ್ಲಿ 300ಕ್ಕೆ ಗೆರೆ ಎಳೆದು, 2000ದ ತಗ್ಗು ತೆಗೆದೆ. ಡೈನಮಿಕ್ ಇಕ್ಯು ಅಂತ ಒಂದು ತಾನಾಗಿ ಚಾಲೂ ಆಗಿತ್ತು, ಸಣ್ಣ ಸದ್ದಿನಲ್ಲಿ ಮಂದ್ರವನ್ನು ದಪ್ಪ ಮಾಡುತ್ತದೆ. ಸಿನಿಮಾಗೆ ಇರಲಿ ಅಂತ ಬಿಟ್ಟು ಸಂಗೀತಕ್ಕೆ ಆಫ್ ಮಾಡಿದ್ದೇನೆ. ಕ್ರಾಸ್‌ಓವರ್ 60. ಸಬ್‌ವೂಫರ್ ದೂರ ಟೇಪಿನಲ್ಲಿ 10 ಅಡಿ, ಯಂತ್ರ ಹೇಳಿದ್ದು 15. ತಿದ್ದಲಿಲ್ಲ.

ಈಗ ಹೇಗಿದೆ ಅಂದರೆ, ಅನುಮಂದ್ರ ಎರಡು ಸ್ಪೀಕರ್‌ಗಳ ನಡುವೆ, ವೀಣೆ ಇರಬೇಕಾದ ಎತ್ತರದಲ್ಲೇ ನಿಂತಿದೆ. ಷಡ್ಜ ಇನ್ನೂ ಒಂದೆಳೆ ಮುಂದಿದೆ, ಆದರೆ ಈಗ ಗಮಕ ಎಳೆದಾಗ ನಾದ ಸಮನಾಗಿ ಏರುತ್ತದೆ, ದಾರಿಯಲ್ಲಿ ಎಡವುವುದಿಲ್ಲ. ಮೊನ್ನೆ ಪಾಠಕ್ಕೆ ಬಂದ ಹುಡುಗಿ ಚಪ್ಪಲಿ ಬಿಡುತ್ತಾ, ಮೇಡಂ ನುಡಿಸ್ತಿದ್ದಾರೆ ಅಂದುಕೊಂಡು ಬಾಗಿಲಲ್ಲೇ ನಿಂತಿದ್ದಳು. ನಾನು ಅಡುಗೆಮನೆಯಲ್ಲಿದ್ದೆ.

ಇನ್ನೊಂದು ಕೇಳಬೇಕು. ಹಿಂದಿನ ಎರಡು ಸ್ಪೀಕರ್‌ಗೆ ತಂತಿ ಎಳೆಯಲು ಎಲೆಕ್ಟ್ರಿಷಿಯನ್ ಶನಿವಾರ ಬರುತ್ತಾನೆ. ಗೋಡೆಗುಂಟ ಸುತ್ತಿ ಬಂದರೆ ಒಂದೊಂದಕ್ಕೆ 35 ಅಡಿ ಬೇಕು. ಯಾವ ತಂತಿ ತರಿಸಲಿ?


ಫ್ಯೂಸ್‌ವೈರ್, ಬೆಂಗಳೂರು

35 ಅಡಿಗೆ ಒಂದೂವರೆ ಚದರ ಮಿಲಿಮೀಟರ್ ಎರಡೆಳೆ ತಂತಿ ಸಾಕು ಮೇಡಂ, ದುಬಾರಿ ಸ್ಪೀಕರ್ ಕೇಬಲ್ ಬೇಡ. ಪೂರ್ತಿ ತಾಮ್ರ ಇರಬೇಕು ಅಷ್ಟೇ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟು ಮಾರೋದೂ ಇದೆ. ತುದಿಯಲ್ಲಿ ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕರೆಂಟ್ ವೈರ್ ಹೋಗೋ ಪೈಪಲ್ಲೇ ಇದನ್ನೂ ತೂರಿಸೋಕೆ ಬಿಡಬೇಡಿ, ಬೇರೆ ಪಟ್ಟಿ ಹೊಡೆಸಿ. ಪ್ಲಸ್ಸು ಮೈನಸ್ಸು ಎರಡು ತುದಿಯಲ್ಲೂ ಒಂದೇ ಬಣ್ಣದ ಎಳೆ ಇರೋ ಹಾಗೆ ನೋಡ್ಕೊಳ್ಳಿ. ತಂತಿ ಎಳೆದಾದ ಮೇಲೆ ಮೈಕ್ ಇಟ್ಟು ಇನ್ನೊಮ್ಮೆ ಅಳತೆ ಮಾಡಿಸಿ, ಆ್ಯಪ್‌ನಲ್ಲಿ ಆ 300ರ ಗೆರೆ ಮತ್ತೆ ಹಾಕೋದು ಮರೀಬೇಡಿ.